ಮೇಲಕ್ಕೆ ಹೋದ ಅಂಕಿ, ತರಗತಿಯಲ್ಲೇ ಉಳಿದ ಅಂಕಿ

1975ರ ಆಗಸ್ಟ್‌ನಿಂದ ಒಂದು ವರ್ಷ ‘ಸೈಟ್’ ಪ್ರಯೋಗದಲ್ಲಿ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ಪಾಠ ಬಂತು. ಮಕ್ಕಳು ನೋಡಿದರು, ಅವರಿಗೆ ಏನು ತಿಳಿಯಿತು ಎಂದು ಕೇಳುವ ದಾರಿ ಆ ಪೆಟ್ಟಿಗೆಗಿರಲಿಲ್ಲ. 2004ರಲ್ಲಿ ಹಾರಿದ ಎಜುಸ್ಯಾಟ್‌ನ ಪಾಠ ಚಾಮರಾಜನಗರದ ಶಾಲೆಗಳನ್ನು ಮುಟ್ಟಿದಾಗಲೂ ಹರಿವು ಬಹುಪಾಲು ಒಂದೇ ಕಡೆಗೆ.

ಅಂಕಿಅಂಶದ ದಾರಿ ಬೇರೆ: ಅದು ಶಾಲೆಯಿಂದ ಮೇಲಕ್ಕೆ. 1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ (ಡಿಪಿಇಪಿ) ಮೊದಲ ಹಂತಕ್ಕೆ ಬೆಳಗಾವಿ, ಕೋಲಾರ, ರಾಯಚೂರಿನ ಜೊತೆ ಮಂಡ್ಯ ಜಿಲ್ಲೆಯೂ ಸೇರಿತು. ಅದರ ಬೆನ್ನಿಗೇ ಶಾಲೆಯ ವಿವರ ಕೇಳುವ ಡೈಸ್ ನಮೂನೆ ಬಂತು: ಕೊಠಡಿ ಎಷ್ಟು, ಶೌಚಾಲಯ ಇದೆಯೇ, ಶಿಕ್ಷಕರು ಎಷ್ಟು, ದಾಖಲಾದವರೆಷ್ಟು. ಕೆ.ಆರ್.ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿಯಂಥ ಹೋಬಳಿಯಲ್ಲಿ ಯಾವ ಶಾಲೆಗೆ ಕೊಠಡಿ ಬೇಕು ಎಂಬುದು ಕಾಗದದ ಮೇಲೆ ಕಾಣತೊಡಗಿದ್ದು ಸಣ್ಣ ಲಾಭವಲ್ಲ. ಆದರೆ ಓದಲು ಬಾರದ ಮಗು ಯಾವುದೆಂದು ಆ ನಮೂನೆ ಕೇಳಲಿಲ್ಲ.

ಅದನ್ನು ಕೇಳಿದ್ದು ‘ನಲಿ ಕಲಿ’. 1995ರಲ್ಲಿ ಎಚ್.ಡಿ.ಕೋಟೆಯಲ್ಲಿ ಮೊಳೆತು, 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳ ಆರಂಭಿಕ ತರಗತಿಗಳಿಗೆಲ್ಲ ಹಬ್ಬಿದ ಈ ಪದ್ಧತಿಯಲ್ಲಿ ಪಾಠ ಕಾರ್ಡುಗಳಾಗಿ ಒಡೆದಿರುತ್ತದೆ. ಪ್ರತಿ ಕಾರ್ಡಿಗೂ ಕಲಿಕಾ ಏಣಿಯ ಮೇಲೆ ಒಂದು ಮೆಟ್ಟಿಲು, ಗುರುತಿಗೊಂದು ಚಿತ್ರ. ಮಗು ತಾನೇ ಏಣಿ ನೋಡಿ ತನ್ನ ಕಾರ್ಡು ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕೂರುತ್ತದೆ; ಮುಗಿಸಿದ ಮೆಟ್ಟಿಲು ಪ್ರಗತಿ ನೋಟದಲ್ಲಿ ದಾಖಲಾಗುತ್ತದೆ. ಯಾರು ಎಲ್ಲಿ ನಿಂತಿದ್ದಾರೆ ಎಂದು ಟೀಚರಿಗೆ ಗೊತ್ತು, ಮಗುವಿಗೂ ಗೊತ್ತು. ಕಂಪ್ಯೂಟರಿಲ್ಲದೆ ನಡೆದ ಈ ಲೆಕ್ಕವೇ ನಮ್ಮ ಶಾಲೆಗಳು ಕಂಡ ಅತ್ಯುತ್ತಮ ದತ್ತಾಂಶ ವ್ಯವಸ್ಥೆ ಎಂದು ನಾನು ನಂಬಿದ್ದೇನೆ.

ಈ ನಡುವೆ ಪ್ರೌಢಶಾಲೆಗಳಿಗೆ ಮಾಹಿತಿ ಸಿಂಧು ಯೋಜನೆಯ ಕಂಪ್ಯೂಟರ್ ಬಂತು, 2017ರಲ್ಲಿ ಡಿಜಿಟಲ್ ಪಾಠಗಳ ವೇದಿಕೆ ದೀಕ್ಷಾ ಬಂತು. ವಿದ್ಯಾರ್ಥಿಗಳ ಸಾಧನೆ ದಾಖಲಿಸುವ ಸ್ಯಾಟ್ಸ್ ತಂತ್ರಾಂಶದಲ್ಲಿ ಪ್ರತಿ ಮಗುವಿಗೂ ಒಂದು ಸಂಖ್ಯೆ. ಟಿಸಿ, ಹಾಜರಿ, ಎಫ್‌ಎ–ಎಸ್‌ಎ ಅಂಕ ಎಲ್ಲ ಅಲ್ಲೇ. ಶಾಲೆ ಬದಲಿಸಿದ ಮಗು ಲೆಕ್ಕದಿಂದ ಜಾರಿಹೋಗದಿರಲು ಇದು ಬೇಕೇ ಬೇಕು. ಆದರೂ “ತುಂಬಿ ಕಳಿಸುವುದೇ ಆಯಿತು, ಪಾಠ ಯಾವಾಗ?” ಎಂಬ ಶಿಕ್ಷಕರ ಮಾತಿನಲ್ಲಿ ನ್ಯಾಯವಿದೆ.

ಕೊರೊನಾ ಕಾಲದ ವಿದ್ಯಾಗಮ ಕಾರ್ಯಕ್ರಮ ಇನ್ನೊಂದು ಬಗೆಯನ್ನು ತೋರಿಸಿತು. 2020ರ ಆಗಸ್ಟ್‌ನಲ್ಲಿ ಶಿಕ್ಷಕರು ಮನೆಮನೆಯ ಮಾಹಿತಿ ಹಿಡಿದು ಸ್ಮಾರ್ಟ್‌ಫೋನ್ ಇರುವವರು, ಬರೀ ಮಾತಾಡುವ ಫೋನ್ ಇರುವವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿಕೊಂಡರು. ಏನೂ ಇಲ್ಲದವರ ಬಳಿಗೆ ತಾವೇ ಹೋಗಿ ಅರಳಿಕಟ್ಟೆ, ದೇವಸ್ಥಾನದ ಜಗಲಿಯಲ್ಲಿ ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರ್‌ನಲ್ಲಿ ಅದು ನಿಂತಿತು. ಮಾಹಿತಿ ಸಂಗ್ರಹಿಸಿದವರೇ ಅದನ್ನು ಬಳಸಿದ್ದರಿಂದ ಅಷ್ಟಾದರೂ ಸಾಧ್ಯವಾಯಿತು.

ಅಕ್ಷರ ಫೌಂಡೇಷನ್ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 4, 5, 6ನೇ ತರಗತಿಯವರಿಗೆ ನಡೆಸುವ ಗಣಿತ ಸ್ಪರ್ಧೆಯ ಗುಣವೂ ಇದೇ: ಫಲಿತಾಂಶ ಆ ಊರಿನವರ ಮುಂದೆಯೇ ಬರುತ್ತದೆ. ಸ್ಯಾಟ್ಸ್‌ನಲ್ಲಿ ಅಂಕಗಳು ಈಗಾಗಲೇ ಕೂತಿವೆ; ಅವೂ ಹೀಗೆ ಊರಿಗೆ ಮರಳಬೇಕು. ಯಾವ ಶಾಲೆಯ ನಾಲ್ಕನೇ ತರಗತಿಯವರಿಗೆ ಭಾಗಾಕಾರ ಕೈಗೆ ಹತ್ತಿಲ್ಲ ಎಂಬ ಪಟ್ಟಿ ಸಂತೆಬಾಚಹಳ್ಳಿಯ ಶಿಕ್ಷಕರ ಸಮಾಲೋಚನಾ ಸಭೆಗೂ ಶಾಲಾಭಿವೃದ್ಧಿ ಸಮಿತಿಗೂ (ಎಸ್‌ಡಿಎಂಸಿ) ಬರಬೇಕು. ಮುಂದಿನ ತಿಂಗಳು ಅದಕ್ಕೆ ಯಾರು ಏನು ಮಾಡುತ್ತಾರೆ ಎಂಬುದನ್ನು ಅಲ್ಲೇ ಬರೆದಿಡಬೇಕು.