ಕೈಗಡಿಯಾರ, ನಾಡಿ ಮತ್ತು ವೃದ್ಧರು

1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರನು ನಾಡಿಬಡಿತವನ್ನು ಗಡಿಯಾರದಿಂದ ಎಣಿಸುವ ಕ್ರಮವನ್ನು ಗ್ರಂಥರೂಪದಲ್ಲಿ ವಿವರಿಸಿದನು. ಬಹುಕಾಲ ನಾಡಿ ರೋಗಿಯದು, ಗಡಿಯಾರ ವೈದ್ಯನದು ಆಗಿದ್ದಿತು. ಇಂದು ಮುಂಗೈಗೆ ಕಟ್ಟಿದ ಗಡಿಯಾರವೇ ನಾಡಿಯನ್ನೆಣಿಸುತ್ತದೆ. ಆದರೆ ಆ ಎಣಿಕೆಯನ್ನು ಓದುವವರು ಯಾರು?

ಬೆಂಗಳೂರಿನ ಹೊರವಲಯದ ಇತಿಹಾಸದಲ್ಲಿ ಈ ಪ್ರಶ್ನೆಗೆ ಒಂದು ಸೂಚನೆ ದೊರೆಯುತ್ತದೆ. ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಸಂಸ್ಥೆಯು ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ 1961ರಲ್ಲಿ ಕೈಗಡಿಯಾರದ ಕಾರ್ಖಾನೆಯನ್ನು ಆರಂಭಿಸಿತು. ಅದರ ಗಡಿಯಾರ ವಿಭಾಗವನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ಒಪ್ಪಿಗೆಯಿತ್ತಿತು. ಈ ಸಂಸ್ಥೆಯು ಅಂಧರಿಗಾಗಿ ಬ್ರೈಲ್ ಗಡಿಯಾರವನ್ನೂ ನಿರ್ಮಿಸಿತ್ತು. ಗಾಜಿನ ಮುಚ್ಚಳವನ್ನು ತೆರೆದು, ಮುಳ್ಳುಗಳನ್ನು ಬೆರಳಿನಿಂದ ಮುಟ್ಟಿ ವೇಳೆಯನ್ನರಿಯಬಹುದಾಗಿತ್ತು. ಅಳತೆಯು ಧರಿಸಿದವರಿಗೆ ತಿಳಿಯುವ ರೂಪದಲ್ಲಿರಬೇಕೆಂಬ ತತ್ತ್ವವನ್ನು ನಾವು ಇದರಲ್ಲಿ ಕಾಣುತ್ತೇವೆ.

ಇಂದು ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳಲ್ಲಿ ದುಡಿಯುವ ಮಕ್ಕಳು ಊರಿನಲ್ಲಿರುವ ತಂದೆತಾಯಿಯರ ನಾಡಿಬಡಿತ, ನಿದ್ರೆ, ನಡಿಗೆಗಳ ಲೆಕ್ಕವನ್ನು ತಮ್ಮ ಮೊಬೈಲಿನಲ್ಲೇ ನೋಡಬಲ್ಲರು. ವೃದ್ಧರಿಗೆ ಮಾತ್ರ ಹಲವೊಮ್ಮೆ ಉಳಿಯುವುದು ಅರ್ಥವಾಗದ ಅಂಕಿಗಳು ಮತ್ತು ಅವು ಹುಟ್ಟಿಸುವ ಭಯ. ಒಂದು ದಿನದ ಅಂಕಿಗಿಂತ ಕೆಲವು ವಾರಗಳ ಏರಿಳಿತವನ್ನು, ದೊಡ್ಡ ಅಕ್ಷರಗಳ ಸರಳ ಕನ್ನಡದಲ್ಲಿ, ವೈದ್ಯರನ್ನು ಯಾವಾಗ ಕಾಣಬೇಕೆಂಬ ಸೂಚನೆಯೊಡನೆ ತಿಳಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ಆ ಲೆಕ್ಕವನ್ನು ಮತ್ತಾರಿಗೆ ತೋರಿಸಬೇಕೆಂಬ ನಿರ್ಧಾರವೂ ಅವರದೇ ಆಗಿರಬೇಕು.