ಬಾಡಿಗೆ ಮನೆಯ ರಂಗೋಲಿ: ಲಿನಕ್ಸ್ ತೆರೆಯ ಅಲಂಕಾರದ ಕಥೆ

ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಒಂದು ಅನುಭವ ಸಾಮಾನ್ಯವಾದದ್ದು. ಚಾಳಿನ ಕೋಣೆಯಾಗಲಿ, ಉಪನಗರದ ಫ್ಲ್ಯಾಟ್ ಆಗಲಿ, ಬಾಡಿಗೆಗೆ ಹಿಡಿದ ಮನೆಯ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಮಾಲಿಕರ ಅಪ್ಪಣೆ ಬೇಕು. ಆದರೆ ಬೆಳಿಗ್ಗೆ ಎದ್ದು ಹೊಸ್ತಿಲ ಮುಂದೆ ಎರಡೆಳೆ ರಂಗೋಲಿ ಹಾಕುವುದಕ್ಕೆ, ಹಬ್ಬದ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟುವುದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ. ಅಷ್ಟರಿಂದಲೇ ಆ ಮನೆ ನಮ್ಮದು ಎನ್ನಿಸಿಕೊಳ್ಳುತ್ತದೆ. ನಮ್ಮ ಮನೆಮನೆಗೂ ಬಂದು ಕುಳಿತಿರುವ ಗಣಕಯಂತ್ರದ ತೆರೆಯ ಬಗೆಗೂ ಇದೇ ಪ್ರಶ್ನೆಯನ್ನು ಕೇಳಬಹುದು: ಅದರ ಮುಖವನ್ನು ಸಿಂಗರಿಸುವ ಅಧಿಕಾರ ಯಾರದು? ಮಾಡಿಕೊಟ್ಟವರದೋ, ದಿನವೂ ಎದುರು ಕೂರುವವರದೋ?

ಈ ಪ್ರಶ್ನೆ ನನಗೆ ಬಂದದ್ದು ನಮ್ಮ ತಾಯಿಯವರಿಂದ. ಮಗ ಬಿಟ್ಟುಹೋದ ಹಳೆಯ ಗಣಕವೊಂದಕ್ಕೆ ಕಳೆದ ವರ್ಷ ಲಿನಕ್ಸ್ ಹಾಕಿ, ಹಗುರವಾದ ಎಕ್ಸ್‌ಎಫ್‌ಸಿಇ ಎಂಬ ಪರಿಸರವನ್ನು ಅದರ ಮೇಲೆ ಕೂರಿಸಿದ್ದೆ. ಅಂತರ್ಜಾಲದಿಂದ ಚೆಂದದ 'ಥೀಮ್' ಒಂದನ್ನು ಇಳಿಸಿ ತೊಡಿಸಿಯೂ ಆಯಿತು. ಎಂಬತ್ತು ದಾಟಿದ ಅಮ್ಮ ತಾವು ಹೇಳಿ ಬರೆಸಿದ 'ಹಬ್ಬದ ಹಾಡುಗಳು' ಎಂಬ ಕಡತವನ್ನು ನೋಡಲು ಬಂದು, ಕನ್ನಡಕ ಏರಿಸಿ, "ಇದೇನೋ, ಅಕ್ಷರದ ಕಾಲು ಕತ್ತರಿಸಿಬಿಟ್ಟಿದ್ದಾರಲ್ಲ?" ಎಂದರು. ನೋಡಿದರೆ ನಿಜ. ಕಿಟಕಿಯ ನೆತ್ತಿಯಲ್ಲಿರುವ ಶೀರ್ಷಿಕೆಯ ಪಟ್ಟಿಯಲ್ಲಿ 'ಹಬ್ಬ'ದ ಒತ್ತಕ್ಷರ ಅರ್ಧಕ್ಕೇ ಮಾಯವಾಗಿತ್ತು. ಅದನ್ನು ಸರಿಪಡಿಸಲು ಹೊರಟವನಿಗೆ ಐವತ್ತು ವರ್ಷಗಳ ಒಂದು ಕಥೆಯೇ ಸಿಕ್ಕಿತು. ಅದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೇಜು ತೆರೆಯ ಮೇಲೆ ಬಂದದ್ದು

ಮೊದಮೊದಲ ಗಣಕಗಳ ತೆರೆಗೆ ಅಲಂಕಾರವೆಂಬುದೇ ಇರಲಿಲ್ಲ. ಕಪ್ಪು ಹಿನ್ನೆಲೆ, ಅದರ ಮೇಲೆ ಹಸಿರೋ ಬಿಳಿಯೋ ಅಕ್ಷರಗಳ ಸಾಲು. ಡಗ್ಲಸ್ ಎಂಗೆಲ್‌ಬಾರ್ಟ್ ಎಂಬ ಅಮೆರಿಕದ ಸಂಶೋಧಕರು 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 'ಮೌಸ್' ಹಿಡಿದು ತೆರೆಯ ಮೇಲೆ ಕೆಲಸಮಾಡಿ ತೋರಿಸಿದರು. 1973ರಲ್ಲಿ ಜೆರಾಕ್ಸ್ ಕಂಪನಿಯ ಪಾಲೋ ಆಲ್ಟೋ ಸಂಶೋಧನಾ ಕೇಂದ್ರದಲ್ಲಿ 'ಆಲ್ಟೋ' ಎಂಬ ಯಂತ್ರ ಹುಟ್ಟಿತು. ಅದರ ತೆರೆಯ ಪ್ರತಿಯೊಂದು ಚುಕ್ಕಿಯನ್ನೂ ಬೇಕಾದಂತೆ ಬೆಳಗಿಸಬಹುದಾಗಿತ್ತು. 1981ರಲ್ಲಿ ಅದೇ ಕಂಪನಿ ಮಾರುಕಟ್ಟೆಗೆ ತಂದ 'ಸ್ಟಾರ್' ಯಂತ್ರದಲ್ಲಿ ತೆರೆಯೇ ಒಂದು ಕಚೇರಿಯ ಮೇಜಾಯಿತು. ಮೇಜಿನ ಮೇಲೆ ಕಾಗದ, ಫೈಲು, ಬಂದ ಟಪಾಲು ಹೋಗುವ ಟಪಾಲುಗಳ ಬುಟ್ಟಿ ಎಲ್ಲವೂ ಚಿತ್ರರೂಪದಲ್ಲಿ ಬಂದವು. ಇಂದಿಗೂ ನಾವು 'ಡೆಸ್ಕ್‌ಟಾಪ್' ಎನ್ನುವುದು ಆ ಮೇಜನ್ನೇ.

1984ರ ಜನವರಿಯಲ್ಲಿ ಬಂದ ಆ್ಯಪಲ್ ಕಂಪನಿಯ ಮೆಕಿಂಟಾಷ್ ಈ ಮೇಜನ್ನು ಸಾಮಾನ್ಯರ ಬಳಿಗೆ ಒಯ್ದಿತು. ಅದರ ತೆರೆಯಲ್ಲಿದ್ದದ್ದು ಕಪ್ಪು ಬಿಳುಪು ಮಾತ್ರ. ಆದರೂ ಅಡ್ಡ ಎಂಟು, ಉದ್ದ ಎಂಟು ಚುಕ್ಕಿಗಳ ಒಂದು ಚೌಕದಲ್ಲಿ ಬೇಕಾದ ಚುಕ್ಕಿಗಳನ್ನು ತುಂಬಿ, ಹಿನ್ನೆಲೆಯ ವಿನ್ಯಾಸವನ್ನು ನಾವೇ ಮಾಡಿಕೊಳ್ಳಲು ಅವಕಾಶವಿತ್ತು. ಚುಕ್ಕಿ ಇಟ್ಟು ರಂಗೋಲಿ ಹಾಕಿದವರಿಗೆ ಇದು ಅಪರಿಚಿತವೆನ್ನಿಸಲಾರದು. ಅದರಾಚೆಗೆ ಕಿಟಕಿಯ ಅಂಚು, ಗುಂಡಿಯ ಆಕಾರ, ಮೂಲೆಯ ತಿರುವು ಎಲ್ಲವೂ ಕಂಪನಿ ಹೇಳಿದಂತೆ.

ಬೀಗವಿಲ್ಲದ ಬಾಗಿಲು

ಅದೇ 1984ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟ್ಟಿಸ್ ಮೊದಲಾದವರು 'ಎಕ್ಸ್' ಎಂಬ ಕಿಟಕಿ ವ್ಯವಸ್ಥೆಯನ್ನು ಆರಂಭಿಸಿದರು. ಅವರು ಮಾಡಿದ ಒಂದು ತೀರ್ಮಾನ ನಮ್ಮ ಕಥೆಗೆ ಬಹಳ ಮುಖ್ಯ. ತೆರೆಯ ಮೇಲೆ ಗೆರೆ ಎಳೆಯುವ, ಮೌಸಿನ ಚಲನೆ ತಿಳಿಸುವ ಕೆಲಸ ಮಾತ್ರ ಎಕ್ಸ್‌ನದು. ಕಿಟಕಿ ಹೇಗೆ ಕಾಣಬೇಕು, ಅದರ ಅಂಚು ಎಷ್ಟು ದಪ್ಪವಿರಬೇಕು ಎಂಬುದು ಬೇರೊಂದು ತಂತ್ರಾಂಶಕ್ಕೆ ಬಿಟ್ಟದ್ದು. ಆ ಇನ್ನೊಂದು ತಂತ್ರಾಂಶಕ್ಕೆ 'ವಿಂಡೋ ಮ್ಯಾನೇಜರ್' ಎಂದು ಹೆಸರು. ಅದನ್ನು ಬಳಸುವವರು ಬದಲಾಯಿಸಿಕೊಳ್ಳಬಹುದು. ಬಣ್ಣಗಳನ್ನೂ ಅಷ್ಟೇ, ಒಂದು ಸಾಧಾರಣ ಪಠ್ಯದ ಕಡತದಲ್ಲಿ ಬರೆದಿಟ್ಟರೆ ಸಾಕಾಗಿತ್ತು.

1991ರಲ್ಲಿ ಎರಡು ಘಟನೆಗಳು ನಡೆದವು. ಆಗಸ್ಟಿನಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ಇಪ್ಪತ್ತೊಂದು ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ತಾನು ಬರೆಯುತ್ತಿರುವ ಕಾರ್ಯಾಚರಣ ವ್ಯವಸ್ಥೆಯ ಸುದ್ದಿಯನ್ನು ಲೋಕಕ್ಕೆ ತಿಳಿಸಿದರು. ಅದೇ ಲಿನಕ್ಸ್. ಅಕ್ಟೋಬರಿನಲ್ಲಿ ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಸಂಕೇತಮಾಲೆಯನ್ನು ಒದಗಿಸುವ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಿತು. ಅದರಲ್ಲಿ ಕನ್ನಡಕ್ಕೂ ಸ್ಥಾನವಿತ್ತು. ಇವೆರಡೂ ಒಂದನ್ನೊಂದು ಕಂಡುಕೊಳ್ಳಲು ಮುಂದೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

1992ರಲ್ಲಿ ಲಿನಕ್ಸ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಅಡಿಗೆ ಬಂದಿತು. ರಿಚರ್ಡ್ ಸ್ಟಾಲ್‌ಮನ್ ಅವರು 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಕೊಡುಗೆ ಅದು. ಯಾರು ಬೇಕಾದರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಇನ್ನೊಬ್ಬರಿಗೆ ಅದೇ ಹಕ್ಕಿನೊಂದಿಗೆ ಕೊಡಬಹುದು. ಎಕ್ಸ್ ವ್ಯವಸ್ಥೆಯೂ ಲಿನಕ್ಸ್‌ಗೆ ಬಂದಮೇಲೆ ಅಲಂಕಾರದ ಸುಗ್ಗಿಯೇ ಆರಂಭವಾಯಿತು. ಆಸ್ಟ್ರೇಲಿಯದ ಕಾರ್ಸ್ಟನ್ ಹೈಟ್ಸ್‌ಲರ್ ರೂಪಿಸಿದ 'ಎನ್‌ಲೈಟನ್‌ಮೆಂಟ್' ಎಂಬುದು ಕಿಟಕಿಗೆ ಕಲ್ಲು, ಲೋಹ, ಗಾಜು ಎಂದು ಬಗೆಬಗೆಯ ವೇಷ ತೊಡಿಸಿತು. ಎಕ್ಸ್‌ಎಫ್‌ಸಿಇ ಕೂಡ 1996ರಲ್ಲಿ ಆರಂಭವಾದದ್ದೇ.

ಅದೇ ವರ್ಷ ಅಕ್ಟೋಬರಿನಲ್ಲಿ ಜರ್ಮನಿಯ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್, ಮನೆಯವರೆಲ್ಲ ಬಳಸಬಲ್ಲ ಪೂರ್ಣ ಪರಿಸರ ಬೇಕೆಂದು ಕೆಡಿಇ ಯೋಜನೆಗೆ ಕರೆಕೊಟ್ಟರು. ಅದು ನಿಂತಿದ್ದ ಕ್ಯೂಟಿ ಎಂಬ ಉಪಕರಣದ ಪರವಾನಗಿ ಆಗ ಪೂರ್ತಿ ಮುಕ್ತವಾಗಿರಲಿಲ್ಲ. ಇದು ಸರಿಯಲ್ಲವೆಂದು 1997ರ ಆಗಸ್ಟಿನಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆದೆರಿಕೊ ಮೇನಾ 'ಗ್ನೋಮ್' ಯೋಜನೆ ಹೂಡಿದರು. ಅವರು ಆರಿಸಿಕೊಂಡ ಜಿಟಿಕೆ ಎಂಬ ಉಪಕರಣ ಹುಟ್ಟಿದ್ದು 'ಗಿಂಪ್' ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ. ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು, ಗುಂಡಿ ಪಟ್ಟಿಗಳಿಗಾಗಿ ಹಣ ಕೊಟ್ಟು ಬೇರೆ ಉಪಕರಣ ಪಡೆಯುವ ಬದಲು ತಾವೇ ಒಂದನ್ನು ಬರೆದುಕೊಂಡದ್ದು ಅದು. ಗುಂಡಿಗಳ ವೇಷವನ್ನು ಹೊರಗಿನಿಂದ ಬದಲಿಸುವ 'ಥೀಮ್' ಪದ್ಧತಿ 1990ರ ದಶಕದ ಕೊನೆಯ ಹೊತ್ತಿಗೆ ಜಿಟಿಕೆಯೊಳಗೇ ಬೇರೂರಿತು.

ಅಕ್ಷರಗಳ ಪ್ರವೇಶ

ಬಣ್ಣವೇನೋ ಬಂದಿತು, ಕನ್ನಡ ಬರಲಿಲ್ಲ. ರೋಮನ್ ಲಿಪಿಯಲ್ಲಿ ಅಕ್ಷರಗಳನ್ನು ಒಂದರ ಪಕ್ಕ ಒಂದನ್ನಿಟ್ಟರೆ ಕೆಲಸ ಮುಗಿಯಿತು. ನಮ್ಮ ಲಿಪಿಯಲ್ಲಿ ಗುಣಿತವುಂಟು, ಅಡಿಯಲ್ಲಿ ಇಳಿಯುವ ಒತ್ತುಂಟು. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಸಂಕೇತಗಳು ಆರು: ಸಕಾರ, ತಕಾರ, ರೇಫೆ, ನಡುವೆ ಎರಡು ವಿರಾಮ, ಕೊನೆಗೆ ದೀರ್ಘದ ಚಿಹ್ನೆ. ಇವನ್ನು ಕೂಡಿಸಿ ರೂಪ ಕೊಡುವ ತಂತ್ರ ಬೇಕು. 2002ರಲ್ಲಿ ಬಂದ ಜಿಟಿಕೆಯ ಎರಡನೆಯ ಆವೃತ್ತಿ ಈ ಕೆಲಸಕ್ಕೆ 'ಪ್ಯಾಂಗೊ' ಎಂಬ ಭಾಗವನ್ನು ತಂದಿತು. ಗ್ರೀಕಿನಲ್ಲಿ 'ಪ್ಯಾನ್' ಎಂದರೆ ಎಲ್ಲ, ಜಪಾನಿಯಲ್ಲಿ 'ಗೊ' ಎಂದರೆ ಭಾಷೆ. ಹೆಸರಿಗೆ ತಕ್ಕಂತೆ ಅದು ನಮ್ಮ ಭಾಷೆಗೂ ಬಾಗಿಲು ತೆರೆಯಿತು.

ಇದರಲ್ಲಿ ಪುಣೆಯ ಪಾಲೂ ಉಂಟೆಂಬುದನ್ನು ಅಲ್ಲಿಯ ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು. ರೆಡ್ ಹ್ಯಾಟ್ ಕಂಪನಿಯ ಭಾರತೀಯ ಭಾಷೆಗಳ ಕೆಲಸ ಬಹುಮಟ್ಟಿಗೆ ನಡೆದದ್ದು ಅಲ್ಲಿಯ ಕಚೇರಿಯಲ್ಲಿ. 2004ರಲ್ಲಿ ಅದು ಬಿಡುಗಡೆ ಮಾಡಿದ 'ಲೋಹಿತ್' ಫಾಂಟುಗಳ ಸಾಲಿನಲ್ಲಿ ಮುಂದೆ ಕನ್ನಡವೂ ಸೇರಿತು. ಕೇದಗೆ, ಮಲ್ಲಿಗೆ, ಗುಬ್ಬಿ, ನವಿಲು ಎಂಬ ಹೆಸರಿನ ಮುಕ್ತ ಫಾಂಟುಗಳು ಡೆಬಿಯನ್ ಭಂಡಾರ ಸೇರಿದವು. ಕನ್ನಡ ಗಣಕ ಪರಿಷತ್ತಿನ ಹೆಸರನ್ನೇ ಹೊತ್ತ 'ಕಗಪ' ಕೀಲಿಮಣೆ ವಿನ್ಯಾಸವೂ ಲಿನಕ್ಸ್‌ನ ಪಟ್ಟಿಯಲ್ಲಿದೆ. ಪಟ್ಟಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ತಂದವರಲ್ಲಿ ಎಷ್ಟೋ ಮಂದಿ ಸಂಬಳವಿಲ್ಲದೆ ರಾತ್ರಿ ಕುಳಿತು ದುಡಿದವರು. ಇವರಾರೂ ಯಾವ ಕಂಪನಿಯ ಬಾಗಿಲಲ್ಲೂ ಅರ್ಜಿ ಹಿಡಿದು ನಿಲ್ಲಬೇಕಾಗಲಿಲ್ಲ. ತೆರೆಯ ಬಣ್ಣ ಬದಲಿಸಲು ಬಿಟ್ಟ ಬಾಗಿಲಿನಿಂದಲೇ ಕನ್ನಡವೂ ಒಳಗೆ ಬಂದಿತು.

ಒಂದು ವ್ಯಾಜ್ಯ

ಆದರೆ ಬಾಗಿಲು ಎಂದೆಂದಿಗೂ ತೆರೆದೇ ಇರುತ್ತದೆಂದು ತಿಳಿಯಬಾರದು. 2011ರಲ್ಲಿ ಗ್ನೋಮ್ ಮೂರನೆಯ ಆವೃತ್ತಿ ಬಂದಾಗ ಹಳೆಯ ಥೀಮುಗಳು ನಿರುಪಯುಕ್ತವಾದವು. ಹೊಸವು ಸಿಎಸ್‌ಎಸ್ ಎಂಬ ಶೈಲಿ ಭಾಷೆಯಲ್ಲಿ ಬಂದವು. 2016ರ ಬದಲಾವಣೆಯಿಂದ ಅವುಗಳಲ್ಲಿಯೂ ಅನೇಕವು ಮುರಿದವು. ಅತ್ತ ತಂತ್ರಾಂಶ ಬರೆಯುವವರ ಅಳಲೇ ಬೇರೆ. ಯಾರೋ ಮಾಡಿದ ಥೀಮ್ ಹಾಕಿಕೊಂಡು ಗುಂಡಿಯ ಮೇಲಿನ ಅಕ್ಷರ ಕಾಣದಿದ್ದರೆ ಬಳಕೆದಾರರು ಬೈಯುವುದು ತಮ್ಮನ್ನು! 2019ರ ಮೇ ತಿಂಗಳಲ್ಲಿ ಅವರಲ್ಲಿ ಹಲವರು ಬಹಿರಂಗ ಪತ್ರ ಬರೆದು, ಲಿನಕ್ಸ್ ವಿತರಣೆ ಮಾಡುವವರು ತಮ್ಮ ತಂತ್ರಾಂಶಗಳಿಗೆ ಹೀಗೆ ವೇಷ ಹಾಕಬಾರದೆಂದು ಕೇಳಿಕೊಂಡರು. ಬಳಸುವವನು ತನ್ನ ಯಂತ್ರದಲ್ಲಿ ತಾನೇ ಮಾಡಿಕೊಳ್ಳುವುದಕ್ಕೆ ತಮ್ಮ ಅಡ್ಡಿಯಿಲ್ಲವೆಂದೂ ಹೇಳಿದರು. ಆದರೂ 2021ರ ಕೊನೆಯಲ್ಲಿ ಬಂದ 'ಲಿಬ್‌ಅದ್ವೈತ' ಎಂಬ ಗ್ರಂಥಾಲಯ ಹೊರಗಿನ ಥೀಮನ್ನು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ. ಅದರ ಹೆಸರಿನಲ್ಲಿರುವುದು ನಮ್ಮ ಅದ್ವೈತವೇ. ಎಲ್ಲವೂ ಒಂದೇ ರೂಪ! 2024ರ ಸೆಪ್ಟೆಂಬರಿನಲ್ಲಿ ಬಂದ ಗ್ನೋಮ್ 47ರಲ್ಲಿ ಒಂಬತ್ತು ಬಣ್ಣಗಳಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಸಿಕ್ಕಿತು.

ಇನ್ನೊಂದು ಎಚ್ಚರಿಕೆಯ ಮಾತು. 2024ರ ಮಾರ್ಚಿನಲ್ಲಿ ಕೆಡಿಇಯ ಭಂಡಾರದಿಂದ ಪಡೆದ ಒಂದು ಥೀಮ್ ಬಳಕೆದಾರರೊಬ್ಬರ ಕಡತಗಳನ್ನೇ ಅಳಿಸಿಹಾಕಿತು. ಅಲ್ಲಿಯ ಕೆಲವು ಥೀಮುಗಳಲ್ಲಿ ಬಣ್ಣದ ಜೊತೆಗೆ ಆಜ್ಞೆಗಳೂ ಅಡಗಿರಬಹುದು. ಗುರುತಿಲ್ಲದವರು ಕೊಟ್ಟ ರಂಗೋಲಿ ಪುಡಿಯನ್ನು ಮೂಸಿ ನೋಡಿಯೇ ಬಳಸುವುದು ಲೇಸು. ಮೊದಲು ಕಡತಗಳ ಪ್ರತಿ ತೆಗೆದಿಡಬೇಕು.

ಹಾಕಿಕೊಳ್ಳುವ ವಿಧಾನ

ವಿಧಾನ ಕಷ್ಟದ್ದಲ್ಲ. ಇಳಿಸಿಕೊಂಡ ಕಟ್ಟನ್ನು ಬಿಚ್ಚಿದರೆ ಒಂದು ಕೋಶ ಸಿಗುತ್ತದೆ. ನಮ್ಮ ಹೆಸರಿನ ಮನೆಕೋಶದಲ್ಲಿ 'ಥೀಮ್ಸ್' ಎಂಬ, ಹಿಂದೆ ಚುಕ್ಕೆಯಿರುವ ಕೋಶ ಮಾಡಿ ಅದರೊಳಗೆ ಇದನ್ನಿಡಬೇಕು. ಚಿಕ್ಕ ಚಿತ್ರಗಳ ಕಟ್ಟಾದರೆ ಹಾಗೆಯೇ ಚುಕ್ಕೆಯಿರುವ 'ಐಕಾನ್ಸ್' ಕೋಶ. ಚುಕ್ಕೆಯಿಂದ ಆರಂಭವಾಗುವ ಕೋಶ ಕಣ್ಣಿಗೆ ಕಾಣದು. ಕಂಟ್ರೋಲ್ ಮತ್ತು ಎಚ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಕಾಣುತ್ತದೆ. ಬಳಿಕ ಎಕ್ಸ್‌ಎಫ್‌ಸಿಇಯಲ್ಲಾದರೆ ಸೆಟ್ಟಿಂಗ್ಸ್‌ನ 'ಅಪಿಯರೆನ್ಸ್' ಎಂಬಲ್ಲಿ ಗುಂಡಿಗಳ ವೇಷವನ್ನೂ, 'ವಿಂಡೋ ಮ್ಯಾನೇಜರ್' ಎಂಬಲ್ಲಿ ಕಿಟಕಿಯ ಅಂಚನ್ನೂ ಆರಿಸಿಕೊಳ್ಳಬೇಕು. ಗ್ನೋಮ್‌ನಲ್ಲಿ ಇದಕ್ಕೆ 'ಟ್ವೀಕ್ಸ್' ಎಂಬ ಬೇರೆ ಉಪಕರಣ ಬೇಕಾಗುತ್ತದೆ.

ಅಮ್ಮನ ದೂರಿನ ಮೂಲವೂ ಇಲ್ಲೇ ಸಿಕ್ಕಿತು. ಎಕ್ಸ್‌ಎಫ್‌ಸಿಇಯ ಕಿಟಕಿಯ ಅಂಚು ಚಿಕ್ಕ ಚಿಕ್ಕ ಚಿತ್ರಗಳಿಂದ ಆದದ್ದು. ಶೀರ್ಷಿಕೆ ಪಟ್ಟಿಯ ಚಿತ್ರ ಎಷ್ಟು ಎತ್ತರವೋ ಅಕ್ಷರಕ್ಕೆ ಅಷ್ಟೇ ಜಾಗ. ಥೀಮ್ ಮಾಡಿದ ಪುಣ್ಯಾತ್ಮರು ಇಂಗ್ಲಿಷ್ ಅಕ್ಷರ ನೋಡಿ ಅಳತೆ ತೆಗೆದಿದ್ದರು. ಒತ್ತಕ್ಷರವೆಂಬುದೊಂದಿದೆಯೆಂದು ಅವರಿಗೆ ತಿಳಿದಿರಬೇಕಾದ ಕಾರಣವಾದರೂ ಏನು? ಅಕ್ಷರವನ್ನು ಚಿಕ್ಕದು ಮಾಡಿ ನೋಡಿದೆ; ಅಮ್ಮನಿಗೆ ಕಾಣಲಿಲ್ಲ. ಕೊನೆಗೆ ಆ ಕೋಶದ ಪ್ರತಿ ಮಾಡಿ, ಬೇರೆ ಹೆಸರಿಟ್ಟು, ಪಟ್ಟಿಯ ಮತ್ತು ಅದರ ಎರಡು ಮೂಲೆಗಳ ಚಿತ್ರಗಳನ್ನು ಗಿಂಪ್‌ನಲ್ಲಿ ತೆರೆದು ಆರಾರು ಚುಕ್ಕಿ ಎತ್ತರಿಸಿದೆ. ಒಂದು ಸಂಜೆಯ ಕೆಲಸ. 'ಹಬ್ಬ'ದ ಒತ್ತು ಪೂರ್ತಿಯಾಗಿ ನಿಂತಿತು. ಅಮ್ಮ ನೋಡಿ, "ಈಗ ಸರಿಯಾಯಿತು, ಮುಂದಿನ ಹಾಡು ಬರೆದುಕೋ" ಎಂದರು.

ಬೀಗ ಹಾಕಿದ ಯಂತ್ರವಾಗಿದ್ದರೆ ಈ ಆರು ಚುಕ್ಕಿಗಾಗಿ ನಾನು ಯಾರಿಗೆ ಅರ್ಜಿ ಬರೆಯಬೇಕಾಗಿತ್ತೋ ತಿಳಿಯದು. ತಂತ್ರಾಂಶ ಬರೆಯುವವರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೂ ಅಳತೆಯನ್ನು ತಿದ್ದುವ ಹಕ್ಕು ಕಡೆಗೆ ಬಳಸುವವನ ಕೈಯಲ್ಲಿ ಉಳಿಯಬೇಕೆಂದೇ ನನ್ನ ಮತ. ಎಲ್ಲರ ಅಳತೆಯೂ ಮಾಡುವವರ ಕಣ್ಣೆದುರು ಇರುವುದು ಸಾಧ್ಯವಿಲ್ಲ. ಸಂಖ್ಯೆಯಲ್ಲಿ ಕಡಿಮೆಯಿರುವ ಭಾಷೆಯವರದಂತೂ ಇರುವುದೇ ಇಲ್ಲ. ಪರಭಾಷೆಯ ಊರಲ್ಲಿ ಬದುಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮನೆಯಲ್ಲಿಯೂ ಮೂಲೆ ಸೇರಿದ ಹಳೆಯ ಗಣಕವಿದ್ದರೆ ರದ್ದಿಯವನಿಗೆ ಕೊಡುವ ಮೊದಲು ಮಕ್ಕಳ ಜೊತೆ ಕುಳಿತು ಒಮ್ಮೆ ಲಿನಕ್ಸ್ ಹಾಕಿ ನೋಡಿ. ಭಾಷೆಯನ್ನು ಕನ್ನಡಕ್ಕೆ ತಿರುಗಿಸಿ. ಒತ್ತಕ್ಷರದ ಕಾಲು ಎಲ್ಲಾದರೂ ತುಂಡಾಗಿದ್ದರೆ ತಿದ್ದುವುದನ್ನು ಮಕ್ಕಳಿಂದಲೇ ಮಾಡಿಸಿ. ಆ ನೆಪದಲ್ಲಾದರೂ ಅವರು ಅಕ್ಷರವನ್ನು ಹತ್ತಿರದಿಂದ ನೋಡುವಂತಾದೀತು.