ವಿಶ್ವನಾಥ ಗಲ್ಲಿಯಲ್ಲಿ ಹಿಡಿಸುವ ವಾದ್ಯ

ಗೊದೋಲಿಯಾದಿಂದ ದಶಾಶ್ವಮೇಧ ಘಾಟಿನತ್ತ ನಡೆದರೆ ಎಡಕ್ಕೆ ವಿಶ್ವನಾಥ ಗಲ್ಲಿ ತೆರೆದುಕೊಳ್ಳುತ್ತದೆ. 2021ರ ಡಿಸೆಂಬರಿನಲ್ಲಿ ಉದ್ಘಾಟನೆಯಾದ ಕಾರಿಡಾರ್ ದೇವಾಲಯದ ಸುತ್ತಣ ಎಷ್ಟೋ ಮನೆಗಳನ್ನು ನುಂಗಿತಾದರೂ ಬಳೆ, ರುದ್ರಾಕ್ಷಿ, ಹಿತ್ತಾಳೆ ಸಾಮಾನು, ಮರದ ಆಟಿಕೆಗಳ ಅಂಗಡಿಗಳ ನಡುವೆ ಭುಜಕ್ಕೆ ಭುಜ ತಾಗಿಸಿಕೊಂಡು ಅನ್ನಪೂರ್ಣೆಯ ಗುಡಿಯತ್ತ ಸಾಗುವ ಅನುಭವ ಇಂದಿಗೂ ಉಳಿದಿದೆ. ಗೋಡೆಗೆ ಒತ್ತಿ ನಿಲ್ಲಿಸುವ ಸಾಧಾರಣ ಪಿಯಾನೊ ಇನ್ನೂರು ಕಿಲೋ ತೂಗುತ್ತದೆ. ಅದನ್ನು ಈ ಗಲ್ಲಿಯ ತಿರುವುಗಳಲ್ಲಿ ಸಾಗಿಸುವುದನ್ನು ಕಲ್ಪಿಸಿಕೊಂಡರೆ, ಭಾರತದ ಮನೆಗಳಿಗೆ ಪಿಯಾನೊ ಬದಲು ಹಾರ್ಮೋನಿಯಂ ಏಕೆ ಬಂತೆಂಬ ಪ್ರಶ್ನೆಗೆ ಅರ್ಧ ಉತ್ತರ ದೊರೆಯುತ್ತದೆ.

ಈ ಪ್ರಶ್ನೆ ನನಗೆ ಎದುರಾದದ್ದು ಮಗಳ ದೆಸೆಯಿಂದ. ಆರು ವರ್ಷದ ಅವಳಿಗೆ ಪಿಯಾನೊ ಬೇಕು. ಧಾರವಾಡದಿಂದ ಅವ್ವ ಫೋನಿನಲ್ಲಿ, "ಮೊದ್ಲ ಪೇಟಿ ಕೊಡಸೋ, ಹುಡುಗಿಗೆ ಸ್ವರ ಹಚ್ಚೂದು ಬರಲಿ" ಎಂದಳು. ಇದು ಎರಡು ವಾದ್ಯಗಳ ನಡುವಿನ ಆಯ್ಕೆಯೆಂದು ಮೇಲ್ನೋಟಕ್ಕೆ ತೋರುತ್ತದೆ. ಮಗುವಿನ ಕಿವಿ ಯಾವ ಗಾಂಧಾರಕ್ಕೆ ಒಗ್ಗಬೇಕೆಂಬುದೇ ಒಳಗಿನ ಪ್ರಶ್ನೆ.

ಪೇಟಿಯೇನೂ ನಮ್ಮದಲ್ಲ. ಪ್ಯಾರಿಸಿನ ಅಲೆಕ್ಸಾಂಡರ್ ಡೆಬೇನ್ 1842ರಲ್ಲಿ ಹಾರ್ಮೋನಿಯಮ್ಮಿಗೆ ಪೇಟೆಂಟ್ ಪಡೆದ. ಕುರ್ಚಿಯ ಮೇಲೆ ಕುಳಿತು ಕಾಲಿನಿಂದ ಗಾಳಿಯೂಡಿ ಎರಡೂ ಕೈಗಳಿಂದ ನುಡಿಸುವ ಯಂತ್ರವದು. ಕಲ್ಕತ್ತೆಯ ದ್ವಾರಕಾನಾಥ ಘೋಷರು 1875ರ ಸುಮಾರಿಗೆ ತಿದಿಯನ್ನು ಹಿಂಬದಿಗೆ ತಂದು ಅದನ್ನು ಕೈಪೆಟ್ಟಿಗೆಯಾಗಿಸಿದರು. ಒಂದು ಕೈ ಗಾಳಿಗೆ, ಒಂದು ಕೈ ಸ್ವರಕ್ಕೆ. ಹಲವು ಸ್ವರಗಳನ್ನು ಪೇರಿಸುವ ಯುರೋಪಿನ ಪದ್ಧತಿಗೆ ಇದು ಊನ. ಒಂದೇ ಎಳೆಯ ರಾಗಕ್ಕೆ ಇಷ್ಟೇ ಸಾಕು. ನೆಲದ ಮೇಲೆ ಕುಳಿತವರ ಮಡಿಲ ಮುಂದಕ್ಕೆ ವಾದ್ಯ ಇಳಿದು ಬಂತು. ನಮ್ಮ ಕಂಪನಿ ನಾಟಕಗಳ ರಂಗದ ಮುಂದೆ ಕಾಲುಪೆಟ್ಟಿಗೆಯೂ ಉಳಿಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಕೈಯಲ್ಲಿ, ಬೆಳಗಾವಿಯ ರಾಮ ಕಲ್ಲೋಜಿ ಬಿಜಾಪುರೆಯವರ ಕೈಯಲ್ಲಿ ಈ ಪೇಟಿ ಕನ್ನಡನಾಡಿನ ವಾದ್ಯವೇ ಆಯಿತು. ಹಾಗೆಂದು ಪಿಯಾನೊ ನಮಗೆ ತೀರ ಹೊರಗಿನದೆಂದೂ ಅಲ್ಲ. ರಷ್ಯದ ನಿಕೊಲಾಯ್ ಮೆಡ್ಟ್ನರ್ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅರ್ಪಿಸಿದ್ದು ಮೈಸೂರಿನ ಜಯಚಾಮರಾಜ ಒಡೆಯರಿಗೆ. ಆ ಸಂಗೀತಗಾರನ ಕೃತಿಗಳನ್ನು ಧ್ವನಿಮುದ್ರಿಸಲು ಹಣ ಒದಗಿಸಿದವರೂ ಅವರೇ. ಅರಮನೆಗೆ ಪಿಯಾನೊ, ಗಲ್ಲಿಗೆ ಪೇಟಿ ಎಂಬ ವಿಭಜನೆ ಮಾತ್ರ ಬಹುಕಾಲ ನಿಂತಿತು.

ಪೇಟಿಯ ವಿರುದ್ಧದ ದೂರು ಗಂಭೀರವಾದದ್ದು. ಆಕಾಶವಾಣಿಯ ದೆಹಲಿ ನಿಲಯದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗದಲ್ಲಿದ್ದ ಜಾನ್ ಫೋಲ್ಡ್ಸ್ ಅದನ್ನು ಕಟುವಾಗಿ ಖಂಡಿಸಿದ. ರವೀಂದ್ರನಾಥ ಠಾಕೂರರೂ ಅದರ ವಿರೋಧಿ. 1940ರ ಮಾರ್ಚ್‌ನಿಂದ ಆಕಾಶವಾಣಿಯಲ್ಲಿ ಹಾರ್ಮೋನಿಯಂ ನಿಷಿದ್ಧವಾಯಿತು. 1971ರ ಹೊತ್ತಿಗೆ ಭಾಗಶಃ ಮಾತ್ರ ಬಾಗಿಲು ತೆರೆಯಿತು. ಹಳ್ಳಿಹಳ್ಳಿಯ ಭಜನಾ ಮೇಳಗಳು ನುಡಿಸುತ್ತಿದ್ದ ವಾದ್ಯವನ್ನು ಮೂರು ದಶಕ ರೇಡಿಯೊದಿಂದ ದೂರವಿಟ್ಟದ್ದು ನನಗೆ ಇಂದಿಗೂ ಅತಿರೇಕವೆಂದೇ ತೋರುತ್ತದೆ. ಆದರೆ ತಕರಾರಿನಲ್ಲಿ ಸತ್ಯವಿತ್ತು. ಹನ್ನೆರಡು ಮನೆಗಳನ್ನು ಸಮಾನ ಅಂತರದಲ್ಲಿ ಕೂರಿಸಿದಾಗ, ಅರೆಸ್ವರವೊಂದನ್ನು 100 ಪಾಲು ಮಾಡಿದರೆ ಸುಮಾರು 14 ಪಾಲಿನಷ್ಟು ಶುದ್ಧ ಗಾಂಧಾರ ತಂಬೂರಿಯ ಸಹಜ ಗಾಂಧಾರಕ್ಕಿಂತ ಮೇಲೇರುತ್ತದೆ. ಮೀಂಡ್ ಅಂತೂ ಅಸಾಧ್ಯ. ವಿಶ್ವನಾಥ ದೇವಾಲಯದಲ್ಲಿ ಶಹನಾಯಿ ನುಡಿಸುತ್ತಿದ್ದ ಸೋದರಮಾವ ಅಲೀ ಬಕ್ಷರಿಂದ ಬಿಸ್ಮಿಲ್ಲಾ ಖಾನರು ಕಲಿತ ವಿದ್ಯೆಯ ಜೀವವಿರುವುದೇ ಸ್ವರದಿಂದ ಸ್ವರಕ್ಕೆ ಜಾರುವುದರಲ್ಲಿ. ಮೆಟ್ಟಿಲ ಮೇಲೆ ನಡೆಯುವ ವಾದ್ಯ ಜಾರಲಾರದು.

ಇನ್ನು ಡಿಜಿಟಲ್ ಪಿಯಾನೊದ ವಂಶಾವಳಿ. ಜಪಾನಿನ ಹಮಾಮತ್ಸುವಿನ ಶಾಲೆಯೊಂದರ ಕೆಟ್ಟ ರೀಡ್ ಆರ್ಗನ್ನನ್ನು 1887ರಲ್ಲಿ ದುರಸ್ತಿ ಮಾಡಿದ ತೊರಾಕುಸು ಯಮಾಹಾ ತಾನೇ ಒಂದನ್ನು ಕಟ್ಟಿ, ಹಕೋನೆಯ ಬೆಟ್ಟ ದಾಟಿ ಟೋಕಿಯೋಗೆ ಹೊತ್ತೊಯ್ದ. ಶ್ರುತಿ ಸರಿಯಿಲ್ಲವೆಂದರು. ಆತ ಅಲ್ಲಿಯೇ ಉಳಿದು ಶ್ರುತಿಶಾಸ್ತ್ರ ಕಲಿತ. ಅವನ ಕಂಪನಿಯ ಕ್ಲಾವಿನೋವಾ ಡಿಜಿಟಲ್ ಪಿಯಾನೊ 1983ರಲ್ಲಿ ಬಂತು. ಅಂದರೆ ನಮ್ಮ ಪೇಟಿಯ ದಾಯಾದಿಯ ಮನೆಯಿಂದಲೇ ಅದು ಹೊರಟದ್ದು. ಹನ್ನೊಂದು-ಹನ್ನೆರಡು ಕಿಲೋ ತೂಗುವ ಇಂದಿನ ಸರಳ ಮಾದರಿಯನ್ನು ಒಬ್ಬನೇ ಹೆಗಲಿಗೇರಿಸಿ ಗಲ್ಲಿಯೊಳಗೆ ಒಯ್ಯಬಹುದು.

ಆರಿಸುವಾಗ ನಾನು ಮುಖ್ಯವಾಗಿ ನೋಡಿದ್ದು ಮನೆಗಳ ಭಾರ. ಒತ್ತಿದರೆ ಸುತ್ತಿಗೆ ಏರಿದಂತೆ ಬೆರಳಿಗೆ ತೂಕ ತಾಗಬೇಕು, ಎಡಕ್ಕೆ ಹೋದಂತೆ ಆ ತೂಕ ಹೆಚ್ಚಬೇಕು; ಮೆಲ್ಲಗೆ ಒತ್ತಿದರೆ ಮೆಲುದನಿ, ಜೋರಾದರೆ ಜೋರು. 61 ಮನೆಗಳ ಹಗುರ ಕೀಬೋರ್ಡಿನಲ್ಲಿ ಅಭ್ಯಾಸ ಮಾಡಿದ ಬೆರಳು ನಿಜವಾದ ಪಿಯಾನೊ ಮುಂದೆ ತತ್ತರಿಸುತ್ತದೆ, ಆದ್ದರಿಂದ 88. ನೂರಾರು ವಾದ್ಯಗಳ ದನಿ, ತಾನೇ ತಾಳ ಹಾಕುವ ಗುಂಡಿ, ಮಿನುಗುವ ದೀಪ, ಇವಕ್ಕೆ ಹಣ ಸುರಿಯುವುದು ವ್ಯರ್ಥ. ಬದಲಿಗೆ ಅಲುಗದ ಸ್ಟ್ಯಾಂಡ್, ಎತ್ತರ ಹೊಂದಿಸಬಲ್ಲ ಆಸನ ಬೇಕು. ಮಗುವಿನ ಮೊಣಕೈ ಮನೆಗಳ ಮಟ್ಟಕ್ಕೆ ಬರಬೇಕು, ಕಾಲು ತೇಲಾಡದಂತೆ ಕೆಳಗೊಂದು ಮಣೆ ಇರಬೇಕು. ಗೋಡೆಗೆ ಗೋಡೆ ಅಂಟಿದ ಕಾಶಿಯ ಮನೆಗಳಲ್ಲಿ ಹೆಡ್‌ಫೋನ್ ಕಿಂಡಿಯಂತೂ ನೆರೆಹೊರೆಯ ಸೌಹಾರ್ದಕ್ಕೆ ಅಗತ್ಯ; ಧ್ವನಿ ಮಾತ್ರ ತಗ್ಗಿರಲಿ.

ಕೆಲವು ಮಾದರಿಗಳಲ್ಲಿ ಸ್ವರಾಂತರವನ್ನು ಬದಲಿಸುವ ಸೌಲಭ್ಯವಿದೆ: ಷಡ್ಜವನ್ನು ಗೊತ್ತುಮಾಡಿ ಸಹಜ ಅಂತರಗಳನ್ನು ಆರಿಸಿದರೆ ಗಾಂಧಾರ ತನ್ನ ಸ್ಥಾನಕ್ಕೆ ಇಳಿಯುತ್ತದೆ. 1940ರ ತಕರಾರಿನ ಅರ್ಧಭಾಗಕ್ಕೆ ಗುಂಡಿಯೊಂದು ಉತ್ತರ ಕೊಟ್ಟಿತು. ಮೀಂಡಿಗೆ ಉತ್ತರವಿಲ್ಲ. ಆದ್ದರಿಂದ ನಮ್ಮಲ್ಲಿ ಬೆಳಗಿನ ಹಾಡಿನ ಹೊತ್ತಿಗೆ ತಂಬೂರಿ ಮಾತ್ರ, ಪಿಯಾನೊದ ಮೇಲೆ ಮುಸುಕು. ಸಂಜೆ ಅರ್ಧ ಗಂಟೆ ಮುಸುಕು ತೆಗೆಯುವುದೆಂದು ಅವ್ವನೊಡನೆ ಒಪ್ಪಂದವಾಗಿದೆ. ಪೇಟಿಯ ಮಾತನ್ನು ಅವಳು ಇನ್ನೂ ಬಿಟ್ಟಿಲ್ಲ.